ಕವರೇಜ್ 100%, ಆದರೂ ಟೆಸ್ಟ್ ಸಾಲದು: ಮ್ಯುಟೇಶನ್ ಟೆಸ್ಟಿಂಗ್ ಟಿಪ್ಪಣಿ

ಬಿಎಂಟಿಸಿಯಲ್ಲಿ 60 ತುಂಬಿದವರಿಗೆ ಟಿಕೆಟ್ ದರದಲ್ಲಿ 25% ರಿಯಾಯಿತಿ ಇದೆ. ಅದಕ್ಕೊಂದು ಫಂಕ್ಷನ್ ಬರೆದಿದ್ದೀರಿ ಅಂದುಕೊಳ್ಳಿ: ವಯಸ್ಸು >= 60 ಆದರೆ ದರ × 0.75, ಇಲ್ಲದಿದ್ದರೆ ಪೂರ್ತಿ ದರ. ಟೆಸ್ಟ್ ಎರಡು: ವಯಸ್ಸು 35, ವಯಸ್ಸು 70. ರಿಪೋರ್ಟ್ ತೆಗೆದರೆ ಲೈನ್ ಕವರೇಜೂ (ಟೆಸ್ಟ್ ಓಡಿಸಿದ ಸಾಲುಗಳ ಪಾಲು) 100%, ಬ್ರಾಂಚ್ ಕವರೇಜೂ (ಷರತ್ತಿನ ಹೌದು/ಇಲ್ಲ ದಾರಿಗಳಲ್ಲಿ ಟೆಸ್ಟ್ ಹಾದುಹೋದವುಗಳ ಪಾಲು) 100%.

ಈಗ >= ತೆಗೆದು > ಹಾಕಿ. ಎರಡೂ ಟೆಸ್ಟ್ ಮತ್ತೆ ಪಾಸ್! ಸರಿಯಾಗಿ 60 ಆದವರು ಮಾತ್ರ ಕಂಡಕ್ಟರ್ ಜೊತೆ ಜಗಳಕ್ಕೆ ನಿಲ್ಲುತ್ತಾರೆ, ಅಷ್ಟೇ.

ಹೀಗೆ ಬೇಕಂತಲೇ ಒಂದು ಕಡೆ ಕೆಡಿಸಿದ ಕೋಡೇ ಮ್ಯುಟೆಂಟ್. ಟೆಸ್ಟ್ ಫೇಲಾದರೆ ಅದು ಸತ್ತಿತು, ಪಾಸಾದರೆ ಬದುಕಿತು. ಕಂಪ್ಯೂಟರ್ ವಿಜ್ಞಾನಿ ರಿಚರ್ಡ್ ಲಿಪ್ಟನ್‌ಗೆ 1971ರಲ್ಲಿ, ವಿದ್ಯಾರ್ಥಿಯಾಗಿದ್ದಾಗ ಹೊಳೆದ ವಿಚಾರ ಇದು. ಇವತ್ತು ಈ ಕೆಲಸಕ್ಕೆ ಜಾವಾಗೆ ಪಿಟ್, ಜಾವಾಸ್ಕ್ರಿಪ್ಟ್‌ಗೆ ಸ್ಟ್ರೈಕರ್ ಅನ್ನುವ ಟೂಲ್‌ಗಳಿವೆ.

ಬದುಕಿದ್ದೆಲ್ಲ ಟೆಸ್ಟಿನ ತಪ್ಪಲ್ಲ. ಸೊನ್ನೆಯಿಂದ ಒಂದೊಂದೇ ಏರುವ ಲೂಪಿನಲ್ಲಿ 'ಎಣಿಕೆ < ಉದ್ದ' ಇದ್ದದ್ದನ್ನು 'ಎಣಿಕೆ != ಉದ್ದ' ಮಾಡಿದರೆ ಏನೂ ಬದಲಾಗುವುದಿಲ್ಲ. ಇಂಥವನ್ನು ಕೊಲ್ಲಲು ಯಾವ ಟೆಸ್ಟಿಗೂ ಆಗದು. ಮ್ಯುಟೇಶನ್ ಸ್ಕೋರ್ (ಮ್ಯುಟೆಂಟ್‌ಗಳಲ್ಲಿ ಸತ್ತವುಗಳ ಪಾಲು) ಲೆಕ್ಕದಿಂದ ಇವನ್ನು ಬಿಡಬೇಕು. ಆದರೆ ಎಲ್ಲವನ್ನೂ ತಾನಾಗಿ ಗುರುತಿಸುವ ಪ್ರೋಗ್ರಾಂ ಬರೆಯುವುದು ಸಾಧ್ಯವೇ ಇಲ್ಲ. ಕೊನೆಗೆ ಕೂತು ನೋಡುವವರು ನಾವೇ.

ಬದುಕಿದ ಮ್ಯುಟೆಂಟನ್ನು ಕೊಲ್ಲುವ ಇನ್‌ಪುಟ್ ಹುಡುಕುವುದು ಹೇಗೆ? ಸುಮ್ನೆ ಯಾವುದೋ ಸಂಖ್ಯೆ ಹಾಕುತ್ತಾ ಹೋದರೆ 60 ಸಿಗುವುದು ಅದೃಷ್ಟ. ಇಲ್ಲಿ ಸರ್ಚ್ ಬರುತ್ತದೆ. ಮೂಲ ಕೋಡೂ ಮ್ಯುಟೆಂಟೂ ಬೇರೆ ಉತ್ತರ ಕೊಡುವುದು ವಯಸ್ಸು 60 ಇದ್ದಾಗ ಮಾತ್ರ. ಹಾಗಾಗಿ 60ಕ್ಕೂ ಇನ್‌ಪುಟ್‌ಗೂ ಇರುವ ಅಂತರವೇ ಫಿಟ್‌ನೆಸ್, ಅಂದರೆ ಇನ್‌ಪುಟ್ ಗುರಿಗೆ ಎಷ್ಟು ಹತ್ತಿರ ಅನ್ನುವ ಅಳತೆ; ಕಡಿಮೆಯಾದಷ್ಟೂ ಒಳ್ಳೆಯದು. 35ಕ್ಕೆ 25, 58ಕ್ಕೆ 2, 60ಕ್ಕೆ 0. ಜೆನೆಟಿಕ್ ಆಲ್ಗಾರಿದಮ್ ಅಂತರ ಕಡಿಮೆ ಇರುವ ಇನ್‌ಪುಟ್‌ಗಳನ್ನು ಉಳಿಸಿ, ಬೆರೆಸಿ, ಸ್ವಲ್ಪ ಬದಲಿಸಿ ಗುರಿಗೆ ಹತ್ತಿರವಾಗುತ್ತದೆ. ಷರತ್ತು ಬರೀ ಹೌದು/ಇಲ್ಲ ಫ್ಲ್ಯಾಗ್ ಆಗಿದ್ದರೆ ಮಾತ್ರ ಕಷ್ಟ. ಹತ್ತಿರ ಬಂದೆವೋ ದೂರ ಹೋದೆವೋ ತಿಳಿಯುವುದೇ ಇಲ್ಲ.

ಪರೀಕ್ಷೆಗೆ ಓದುವಾಗ ನಾವು ಜಾಸ್ತಿ ಹಾರಿಸಿಬಿಡುವ ಜಾಗ ಒಂದಿದೆ. ಎವೊಸೂಟ್‌ನಂಥ ಟೂಲ್ ಇನ್‌ಪುಟ್ ಹುಡುಕಿ ಅಸರ್ಶನ್ (ಉತ್ತರ ಇಷ್ಟೇ ಬರಬೇಕು ಅಂತ ಟೆಸ್ಟಿನಲ್ಲಿ ಹೇಳುವ ಸಾಲು) ಕೂಡ ತಾನೇ ಬರೆಯುತ್ತದೆ. ಆದರೆ ಅದಕ್ಕೆ ಬಿಎಂಟಿಸಿ ನಿಯಮ ಗೊತ್ತಿಲ್ಲ ಅಲ್ವಾ? ಕೋಡ್ ಈಗ ಕೊಡುವ ಉತ್ತರವನ್ನೇ ಸರಿ ಅಂದುಕೊಳ್ಳುತ್ತದೆ. ನೀವು ಮೊದಲೇ ತಪ್ಪಾಗಿ > ಬರೆದಿದ್ದರೆ, '60ಕ್ಕೆ ಪೂರ್ತಿ ದರ' ಅಂತಲೇ ಟೆಸ್ಟ್ ತಯಾರಾಗುತ್ತದೆ. ಆಮೇಲೆ ಯಾರಾದರೂ >= ಅಂತ ಸರಿಮಾಡಿದರೆ ಟೆಸ್ಟ್ ಫೇಲ್! ಟೂಲ್ ಬರೆದ ಅಸರ್ಶನ್ ಪಕ್ಕ ನಿಯಮದ ಹಾಳೆ ಇಟ್ಟುಕೊಂಡು ಒಂದೊಂದಾಗಿ ಓದಿ, ಆಮೇಲೆ ಕಮಿಟ್ ಮಾಡಿ.