ಮೊದಲು ವಾರ್ನಿಶ್, ಆಮೇಲೆ ಚಿತ್ರ

ಮುಂಬಯಿಯ ಕಾಳಾ ಘೋಡಾದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯಕ್ಕೆ ಹೋದವರಲ್ಲಿ ಹೆಚ್ಚಿನವರು ಶಿಲ್ಪ ನೋಡುವಷ್ಟರಲ್ಲೇ ಕಾಲು ಸೋತಿರುತ್ತಾರೆ. ಸರ್ ರತನ್ ಟಾಟಾ, ಸರ್ ದೊರಾಬ್ ಟಾಟಾ ಅವರ ಸಂಗ್ರಹಗಳಿಂದ ಬಂದ ಯುರೋಪಿನ ಚಿತ್ರಗಳ ಮುಂದೆ ಐದು ನಿಮಿಷವೂ ನಿಲ್ಲುವುದಿಲ್ಲ. ‘ಎಲ್ಲ ಒಂದೇ ಥರ, ಕಂದು’ ಎನ್ನುತ್ತಾರೆ. ಆ ಕಂದಿನಲ್ಲಿ ಚಿತ್ರಕಾರನ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

19ನೆಯ ಶತಮಾನದ ತೈಲವರ್ಣಗಳಿಗೆ ಸಾಮಾನ್ಯವಾಗಿ ಬಳಿಯುತ್ತಿದ್ದುದು ಮರದ ರಾಳದಿಂದ ಮಾಡಿದ ವಾರ್ನಿಶ್. ಗಾಳಿ ಬೆಳಕಿಗೆ ಅದು ವರ್ಷಗಳು ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಚಿತ್ರದಲ್ಲಿ ಬಿಳಿ ಇರಲೇಬೇಕಾದ ಜಾಗ ಹುಡುಕಿ: ಅಂಗಿಯ ಕಾಲರ್, ಮೇಜಿನ ಬಟ್ಟೆ. ಅದೂ ತುಪ್ಪದ ಬಣ್ಣಕ್ಕಿದ್ದರೆ, ಹಸಿರಾಗಿ ಕಾಣುವ ಆಕಾಶ ಮೊದಲು ನೀಲಿಯೇ ಇದ್ದಿರಬೇಕು. ಹಳದಿ ಪದರದ ಹಿಂದಿನ ನೀಲಿ ಹಸಿರಾಗುತ್ತದೆ. ಬಿಳಿ ಬಿಳಿಯಾಗಿಯೇ ಉಳಿದು ಆಕಾಶ ಮಾತ್ರ ಹಸಿರಾಗಿದ್ದರೆ ಅದು ಬಹುಮಟ್ಟಿಗೆ ಚಿತ್ರಕಾರನದೇ ಆಯ್ಕೆ.

ನಿಲ್ಲುವ ಜಾಗಕ್ಕೂ ಲೆಕ್ಕವಿದೆ. ಚಿತ್ರದ ಉದ್ದ ಬದಿಯ ಎರಡರಷ್ಟು ದೂರದಿಂದ ಶುರುಮಾಡಿ. ನಾಲ್ಕಡಿಯ ಚಿತ್ರಕ್ಕೆ ಎಂಟಡಿ. ದೀಪದ ಹೊಳಪು ಕಣ್ಣಿಗೆ ಹೊಡೆದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಆಮೇಲೆ ಹತ್ತಿರ ಹೋಗಿ ಓರೆಯಿಂದ ನೋಡಿ. ನೆರಳಿನ ಭಾಗದಲ್ಲಿ ಬಣ್ಣ ತೆಳ್ಳಗಿದ್ದು ಕ್ಯಾನ್ವಾಸಿನ ನೇಯ್ಗೆ ಕಾಣಬಹುದು. ಮುತ್ತಿನ ಹೊಳಪು, ಮೂಗಿನ ತುದಿಯ ಬೆಳಕು ಇಂಥಲ್ಲಿ ಸೀಸದ ಬಿಳಿ ದಪ್ಪಗೆ ಎದ್ದು ನಿಂತಿರುತ್ತದೆ. ದೂರದಿಂದ ಚಿನ್ನ ಅನಿಸಿದ್ದು ಹತ್ತಿರದಲ್ಲಿ ಕಂದು ಬಳಿತ ಮತ್ತು ಮೂರು ಹಳದಿ ಚುಕ್ಕೆ, ಅಷ್ಟೇ. ಹೆಸರಿನ ಫಲಕ ಕೊನೆಗೆ ಓದಿದರೆ ಸಾಕು. ಮೊದಲೇ ಓದಿದವರು ಚಿತ್ರದಲ್ಲಿ ಫಲಕವನ್ನೇ ಹುಡುಕುತ್ತಾರೆ.

ಬಿರುಕುಗಳನ್ನು ಓದುವುದು ಇನ್ನೂ ರುಚಿಕರ. ತೇವಕ್ಕೆ ಕ್ಯಾನ್ವಾಸ್ ಹಿಗ್ಗಿ ಕುಗ್ಗಿ ಆದ ಬಿರುಕು ಕೂದಲಿನಷ್ಟು ಸಣ್ಣ. ಮೂಲೆಗಳಲ್ಲಿ ಅದು ಓರೆಯಾಗಿರುತ್ತದೆ, ಹಿಂದಿನ ಮರದ ಪಟ್ಟಿಯ ಅಂಚಿಗೆ ಸರಿಯಾಗಿ ನೇರ ಗೆರೆಯಾಗಿರುತ್ತದೆ. ಜೇಡರ ಬಲೆಯಂತೆ ಸುತ್ತು ಸುತ್ತಾಗಿದ್ದರೆ ಯಾರೋ ಎಂದೋ ಕ್ಯಾನ್ವಾಸಿಗೆ ಏನನ್ನೋ ತಗುಲಿಸಿದ್ದಾರೆ. ಕಡು ಕಂದು ನೆರಳಿನಲ್ಲಿ ಮಾತ್ರ, ಬತ್ತಿದ ಕೆರೆಯ ಕೆಸರು ಬಿರಿದಂತೆ ಅಗಲ ಸೀಳುಗಳಿದ್ದರೆ ಬಿಟುಮೆನ್, ಅಂದರೆ ಡಾಂಬರಿನಂಥ ಕಂದು ಬಣ್ಣದ ಮೇಲೆ ಅನುಮಾನಪಡಿ. ಆ ಕಾಲದ ಇಂಗ್ಲಿಷ್ ಚಿತ್ರಕಾರರಿಗೆ ಅದರ ಬೆಚ್ಚನೆಯ ಕಂದು ಬಲು ಇಷ್ಟ. ಆದರೆ ಅದು ಪೂರ್ತಿ ಒಣಗುವುದೇ ಇಲ್ಲ. ಮೇಲೆ ಕೆನೆಗಟ್ಟಿದ ಪದರ ಕುಗ್ಗುತ್ತದೆ, ಒಳಗಿನದು ಜಾರುತ್ತದೆ. ಇದನ್ನು ಸರಿಪಡಿಸುವುದು ಬಹಳ ಕಷ್ಟ.

ಇದೇ ಕಣ್ಣನ್ನು ಮಾಟುಂಗಾದ, ಡೊಂಬಿವಲಿಯ ನಮ್ಮವರ ದೇವರ ಕೋಣೆಗೂ ತಿರುಗಿಸಬಹುದು. ಅಜ್ಜಿಯ ಕಾಲದಿಂದ ಬಂದ ಲಕ್ಷ್ಮಿ, ಸರಸ್ವತಿ ಪಟಗಳನ್ನು ‘ರವಿವರ್ಮನ ಪೇಂಟಿಂಗ್’ ಎಂದೇ ನಂಬಿದವರಿದ್ದಾರೆ. ಹೆಚ್ಚಿನವು ಅಚ್ಚಿನವು. ರಾಜಾ ರವಿವರ್ಮರ ಲಿಥೋ (ಕಲ್ಲಚ್ಚು) ಮುದ್ರಣಾಲಯ 1894ರಲ್ಲಿ ಮುಂಬಯಿಯಲ್ಲಿ ಶುರುವಾಗಿ, ಆಮೇಲೆ ಲೋನಾವಳಾ ಹತ್ತಿರದ ಮಳವಲಿಗೆ ಹೋಯಿತು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಹಾಗಾಗಿ ಸೀರೆಯ ಅಂಚಿನಲ್ಲಿ ಒಂದು ಬಣ್ಣ ಇನ್ನೊಂದರ ಮೇಲೆ ತುಸು ಜಾರಿರುವುದುಂಟು. 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯಿರಿ. ಕಾಳುಮೆಣಸಿನ ಪುಡಿ ಉದುರಿಸಿದಂತೆ ಅಡ್ಡಾದಿಡ್ಡಿ ಚುಕ್ಕೆಗಳಿದ್ದರೆ ಹಳೆಯ ಕಲ್ಲಚ್ಚು. ಸಾಲುಗಟ್ಟಿ ನಿಂತ ಚುಕ್ಕೆಗಳಾದರೆ ಈಚಿನ ಆಫ್‌ಸೆಟ್. ಕುಂಚದ ಕೆಲಸದಲ್ಲಿ ಚುಕ್ಕೆಗಳ ಬದಲು ಬಣ್ಣದ ಎಳೆತ ಕಾಣುತ್ತದೆ. ಕ್ಯಾನ್ವಾಸಿನಂಥ ಉಬ್ಬು ಕಂಡರೂ ನಂಬಬೇಡಿ, ಅದನ್ನೂ ಕಾಗದಕ್ಕೆ ಒತ್ತುತ್ತಿದ್ದರು.

ಕಲ್ಲಚ್ಚಾದರೆ ಬೇಸರವೇನೂ ಬೇಡ. ಜರಿ, ಮಣಿ ಅಂಟಿಸಿದವಕ್ಕೆ ಇಂದು ಸಂಗ್ರಹಕಾರರೇ ಹುಡುಕಿಕೊಂಡು ಬರುತ್ತಾರೆ. ಮಳೆ ಹೊಡೆಯುವ ಹೊರಗೋಡೆಗೆ ಮಾತ್ರ ಅದನ್ನು ತೂಗುಹಾಕಬೇಡಿ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಿರಡೆಯ ತುಂಡು ಅಂಟಿಸಿ, ಗೋಡೆಯಿಂದ ಒಂದು ಸೆಂಟಿಮೀಟರ್ ಗಾಳಿಯಾಡಲಿ. ಕಾಗದ ಗಾಜಿಗೆ ಅಂಟಿದ್ದರೆ ಕೀಳಲು ಹೋಗಬೇಡಿ, ಬಣ್ಣವೂ ಗಾಜಿನ ಜೊತೆಗೇ ಬರುತ್ತದೆ. ಹಾಗೇ ಸಂರಕ್ಷಣಾಕಾರರ ಬಳಿ ಒಯ್ಯಿರಿ.