ಟಿಮೋರ್ ತೆತ್ತ ಬೆಲೆ

ಅಂತರರಾಷ್ಟ್ರೀಯ ಕಾನೂನಿನ ತರಗತಿಯಲ್ಲಿ ಪೂರ್ವ ಟಿಮೋರ್ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: ‘ಸರ್, ಅಷ್ಟು ಜನರನ್ನು ಕೊಂದವರ ಜೊತೆ ರಾಜಿ ಯಾಕೆ ಮಾಡಿಕೊಂಡರು?’ ಆ ಸಿಟ್ಟು ನ್ಯಾಯವಾದದ್ದೇ.

ಪೋರ್ಚುಗಲ್‌ನ ವಸಾಹತಾಗಿದ್ದ ಈ ಪುಟ್ಟ ನಾಡು 1975ರ ನವೆಂಬರ್ 28ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ಒಂಬತ್ತೇ ದಿನಕ್ಕೆ ಇಂಡೋನೇಷ್ಯಾದ ಸೇನೆ ರಾಜಧಾನಿ ದಿಲಿಯಲ್ಲಿ ಬಂದಿಳಿಯಿತು. ಮುಂದಿನ 24 ವರ್ಷಗಳಲ್ಲಿ ಕೊಲೆ, ಹಸಿವು, ಕಾಯಿಲೆಗಳಿಂದ ಕನಿಷ್ಠ ಒಂದು ಲಕ್ಷ ಜನ ಸತ್ತರೆಂದು ಅಲ್ಲಿನ ಸತ್ಯಶೋಧನಾ ಆಯೋಗ ಅಂದಾಜಿಸಿದೆ. 1999ರ ಜನಮತಗಣನೆಯಲ್ಲಿ ಶೇ 78.5ರಷ್ಟು ಮಂದಿ ಸ್ವಾತಂತ್ರ್ಯದ ಕಡೆ ನಿಂತರು. ಸೇನೆ ಬೆಳೆಸಿದ್ದ ಸಶಸ್ತ್ರ ಗುಂಪುಗಳು ಊರಿಗೆ ಊರನ್ನೇ ಸುಟ್ಟವು.

2002ರ ಮೇ 20ರಂದು ದೇಶ ಸ್ವತಂತ್ರವಾದಾಗ ಇಂಡೋನೇಷ್ಯಾದ ಅಧ್ಯಕ್ಷೆ ಮೇಘಾವತಿ ದಿಲಿಗೆ ಬಂದರು. ಸ್ವಾಗತಿಸಿದವರು ಸ್ವಾತಂತ್ರ್ಯ ಹೋರಾಟದ ನಾಯಕ, ಹೊಸ ದೇಶದ ಅಧ್ಯಕ್ಷ ಕ್ಸನಾನಾ ಗುಸ್ಮಾವೊ; 1992ರಲ್ಲಿ ಸೆರೆಸಿಕ್ಕು ವರ್ಷಗಟ್ಟಲೆ ಇಂಡೋನೇಷ್ಯಾದ ಜೈಲಿನಲ್ಲಿದ್ದವರು.

ನಕಾಶೆ ಬಿಡಿಸಿ ನೋಡಿದರೆ ಅವರ ಲೆಕ್ಕಾಚಾರ ತಿಳಿಯುತ್ತದೆ. ಟಿಮೋರ್‌ಗೆ ಸೇರಿದ ಒಎಕುಸಿ ಎಂಬ ತುಂಡು ನೆಲವನ್ನು ಮೂರು ಕಡೆ ಇಂಡೋನೇಷ್ಯಾ ಸುತ್ತುವರಿದಿದೆ, ನಾಲ್ಕನೆಯ ಕಡೆ ಸಮುದ್ರ. ಅಲ್ಲಿಂದ ರಸ್ತೆಯಲ್ಲಿ ರಾಜಧಾನಿಗೆ ಹೋಗಬೇಕಾದರೆ ಪರದೇಶ ದಾಟಲೇಬೇಕು. ಅಂಗಡಿ ಸಾಮಾನಿನಲ್ಲಿ ಬಹಳಷ್ಟು ಬರುವುದು ಆ ಕಡೆಯಿಂದ. ಹಿಂಸೆಗೆ ಹೆದರಿಯೋ ಬಲವಂತಕ್ಕೋ ಗಡಿ ದಾಟಿದ್ದ ಸುಮಾರು ಎರಡೂವರೆ ಲಕ್ಷ ಜನರಲ್ಲಿ ಎಷ್ಟೋ ಮಂದಿ ಇನ್ನೂ ಇಂಡೋನೇಷ್ಯಾಕ್ಕೆ ಸೇರಿದ ಪಶ್ಚಿಮ ಟಿಮೋರ್‌ನಲ್ಲೇ ಉಳಿದಿದ್ದರು. ಇಂಥ ನೆರೆಯವರೊಂದಿಗೆ ಮುನಿಸಿಕೊಂಡು ಸಂಸಾರ ಸಾಗುವುದಿಲ್ಲ. ಗಡಿ ತೆರೆದಿಡಲು ಅವರು ತಗ್ಗಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ತಕರಾರಿರುವುದು ನ್ಯಾಯದ ವಿಷಯದಲ್ಲಿ. 1999ರ ಹಿಂಸೆಗಾಗಿ ಜಕಾರ್ತದ ವಿಶೇಷ ನ್ಯಾಯಾಲಯ 18 ಮಂದಿಯ ವಿಚಾರಣೆ ನಡೆಸಿತು. ಆರು ಮಂದಿಗೆ ಶಿಕ್ಷೆಯಾಯಿತು, ಮೇಲ್ಮನವಿಗಳಲ್ಲಿ ಅದೂ ರದ್ದಾಯಿತು. ದಿಲಿಯಲ್ಲಿ ವಿಶ್ವಸಂಸ್ಥೆಯ ನೆರವಿನ ಅಭಿಯೋಜಕರು 2003ರಲ್ಲಿ, 1999ರಲ್ಲಿ ಇಂಡೋನೇಷ್ಯಾದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿರಾಂತೊ ಮೇಲೆ ಆರೋಪ ಹೊರಿಸಿದರು. ಮರುವರ್ಷ ಬಾಲಿಯಲ್ಲಿ ಗುಸ್ಮಾವೊ ಅದೇ ಜನರಲ್ಲರನ್ನು ಅಪ್ಪಿಕೊಂಡರು. 2005ರಲ್ಲಿ ಎರಡೂ ದೇಶ ಸೇರಿ ‘ಸತ್ಯ ಮತ್ತು ಸ್ನೇಹ ಆಯೋಗ’ ರಚಿಸಿದಾಗ ಅದಕ್ಕೆ ಒಪ್ಪಿಸಿದ್ದು 1999ರ ಘಟನೆಗಳನ್ನು ಮಾತ್ರ. ಅದಕ್ಕೆ ಹಿಂದಿನ ಎರಡು ದಶಕಗಳ ಸಾವು ಕಡತದ ಹೊರಗೇ ಉಳಿಯಿತು. ತಪ್ಪಿತಸ್ಥರಿಗೆ ಕ್ಷಮಾದಾನ ಶಿಫಾರಸು ಮಾಡುವ ಅವಕಾಶವೂ ಅದರಲ್ಲಿತ್ತು. ಅದೇ ಕಾರಣಕ್ಕೆ ವಿಶ್ವಸಂಸ್ಥೆ ಸಾಕ್ಷ್ಯ ಹೇಳಲು ಒಪ್ಪಲಿಲ್ಲ. ಆದರೂ ಆಯೋಗ ಯಾರಿಗೂ ಕ್ಷಮಾದಾನ ಕೊಡಿ ಎನ್ನಲಿಲ್ಲ. 2008ರ ವರದಿಯಲ್ಲಿ ಇಂಡೋನೇಷ್ಯಾದ ಸೇನೆ, ಪೊಲೀಸ್, ಆಡಳಿತಗಳನ್ನು ಹೊಣೆ ಮಾಡಿತು. ಇಂಡೋನೇಷ್ಯಾದ ಆಗಿನ ಅಧ್ಯಕ್ಷ ಯುಧೊಯೊನೊ ವಿಷಾದ ಹೇಳಿದರು, ಕ್ಷಮೆ ಕೇಳಲಿಲ್ಲ.

ಗಡಿ ತೆರೆದದ್ದರ ಲಾಭ ಇಡೀ ದೇಶಕ್ಕೆ ಸಿಕ್ಕಿತು. ಬೆಲೆ ತೆತ್ತವರು ಸತ್ತವರ ಮನೆಯವರು. ಅವರನ್ನು ಯಾರೂ ಕೇಳಿರಲಿಲ್ಲ. ನನಗೆ ಸಂಕಟವಾಗುವುದು ಇಲ್ಲೇ.

2025ರ ಅಕ್ಟೋಬರ್ 26ರಂದು ಟಿಮೋರ್ ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್‌ನ 11ನೇ ಸದಸ್ಯನಾಯಿತು. ಇಂಡೋನೇಷ್ಯಾ ಅದರ ಪರವಾಗಿತ್ತು. ಕಾಣೆಯಾದವರನ್ನೂ ಬೇರ್ಪಟ್ಟ ಮಕ್ಕಳನ್ನೂ ಹುಡುಕಿ ಎಂದು 2008ರ ಆ ವರದಿಯೇ ಹೇಳಿತ್ತು. ಸೈನಿಕರು ಎಳವೆಯಲ್ಲೇ ಕರೆದೊಯ್ದಿದ್ದ ಕೆಲವರು ನಡುವಯಸ್ಸಿನಲ್ಲಿ ಹುಟ್ಟೂರಿಗೆ ಬಂದು ಒಡಹುಟ್ಟಿದವರನ್ನು ಕಂಡಿದ್ದಾರೆ. ಆ ಭೇಟಿಗಳಿಗಾಗಿ ಮುಂದೆ ನಿಂತು ದುಡಿದವರು ಎರಡೂ ದೇಶಗಳ ಮಾನವ ಹಕ್ಕು ಕಾರ್ಯಕರ್ತರು.