ಲೂಪ್ ಇನ್‌ವೇರಿಯಂಟ್ ಕಲಿಸುವ ಟ್ಯೂಟರ್: ತಪ್ಪು ಉತ್ತರದಿಂದ ಶುರು ಮಾಡೋಣ

ಮಂಡ್ಯದಿಂದ ಮೈಸೂರಿಗೆ ಬರುವ ಬಸ್ಸಿನ ಕಂಡಕ್ಟರ್ ಲೆಕ್ಕ ಗೊತ್ತಲ್ವಾ? ಬ್ಯಾಗಿನಲ್ಲಿರುವ ದುಡ್ಡು ಅಂದರೆ ಹೊರಟಾಗ ಇದ್ದ ಚಿಲ್ಲರೆ, ಜೊತೆಗೆ ಕೊಟ್ಟ ಟಿಕೆಟ್‌ಗಳ ದುಡ್ಡು. ಶ್ರೀರಂಗಪಟ್ಟಣದಲ್ಲಿ ಎಣಿಸಿದರೂ ಇದು ತಾಳೆ ಆಗಬೇಕು. ಟಿಕೆಟ್ ಕೊಟ್ಟು ಕಾಸು ಈಸಿಕೊಳ್ಳುವ ನಡುವೆ ಮಾತ್ರ ಒಂದು ಗಳಿಗೆ ತಪ್ಪಿರುತ್ತದೆ, ಆಮೇಲೆ ಸರಿಹೋಗುತ್ತದೆ. (ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ ಕೊಟ್ಟರೂ ಕೆಡಲ್ಲ, ಕೂಡೋದು ಸೊನ್ನೆ ತಾನೆ.) ಲೂಪ್ ಅಂದರೆ ಪ್ರೋಗ್ರಾಂನಲ್ಲಿ ಮತ್ತೆ ಮತ್ತೆ ಸುತ್ತುವ ಭಾಗ; ಲೂಪ್ ಇನ್‌ವೇರಿಯಂಟ್ ಅಂದರೆ ಇದೇ: ಪ್ರತಿ ಸುತ್ತಿನ ಮೊದಲೂ ಕೊನೆಗೂ ನಿಜವಾಗಿರುವ ಮಾತು. ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1969ರಲ್ಲಿ ಪ್ರೋಗ್ರಾಂಗಳಿಗೆ ಕೊಟ್ಟ ತರ್ಕದಲ್ಲಿ ಲೂಪಿನ ನಿಯಮ ನಿಂತಿರುವುದು ಇದರ ಮೇಲೆ.

ಇದನ್ನು ಕಲಿಸುವ ಸಾಫ್ಟ್‌ವೇರ್ ಬರೆಯುವಾಗ ನಾವು ಸರಿ ಉತ್ತರ ಹಿಡಿದು ಕೂರುತ್ತೇವೆ. ಮೊದಲು ತಪ್ಪು ಉತ್ತರಗಳನ್ನು ಬರೆದುಕೊಳ್ಳಿ ಅಂತೀನಿ ನಾನು.

1ರಿಂದ ಎನ್‌ವರೆಗೆ ಕೂಡುವ ಲೂಪ್ ತಗೊಳ್ಳಿ. ಎನ್ ಸೊನ್ನೆ ಅಥವಾ ಜಾಸ್ತಿ; ಐ ಎಣಿಕೆ, ಎಸ್ ಮೊತ್ತ.

ಐ = 0, ಎಸ್ = 0
ಐ < ಎನ್ ಇರುವವರೆಗೆ: ಐಗೆ 1 ಕೂಡು, ಆಮೇಲೆ ಎಸ್‌ಗೆ ಐ ಕೂಡು

ಇದರ ಇನ್‌ವೇರಿಯಂಟ್ ಏನು ಅಂತ ಕೇಳಿದರೆ "ಎಸ್ = ಐ" ಅಂತ ಒಬ್ಬ ವಿದ್ಯಾರ್ಥಿ ಬರೆಯುತ್ತಾರೆ. ಶುರುವಿನಲ್ಲಿ 0, 0. ಒಂದು ಸುತ್ತಾದ ಮೇಲೆ 1, 1. ಸರಿಯಾಗೇ ಕಾಣುತ್ತೆ! ಇಲ್ಲಿ ಸುಮ್ನೆ ಕೆಂಪು ಗುರುತು ಹಾಕಿದರೆ ಏನೂ ಕಲಿತಂತಾಗಲ್ಲ. "ಇನ್ನೊಂದು ಸುತ್ತು ನೀವೇ ಓಡಿಸಿ" ಅನ್ನಬೇಕು. ಐ 2 ಆಗುತ್ತೆ, ಎಸ್ 3.

ಇನ್ನೊಬ್ಬರು "ಐ ≥ 0, ಎಸ್ ≥ 0" ಅಂತಾರೆ. ನಿಜ, ಕೊನೆವರೆಗೂ ನಿಜ, ಆದರೆ ಕೆಲಸಕ್ಕೆ ಬಾರದು. ಇದಕ್ಕೆ ಬೇರೆ ಪ್ರಶ್ನೆ: "ಲೂಪ್ ಮುಗಿದ ಮೇಲೆ ಮೊತ್ತ ಎಷ್ಟು ಅಂತ ಇದರಿಂದ ಗೊತ್ತಾಗುತ್ತಾ?"

ಮೂರನೆಯದು "ಎಸ್ = ಐ(ಐ+1)/2". ಒಂದು ಸುತ್ತಿಗೆ ಎರಡೂ ಕಡೆ ಐ+1 (ಇಲ್ಲಿ ಐ ಅಂದರೆ ಸುತ್ತಿನ ಮೊದಲಿದ್ದ ಬೆಲೆ) ಕೂಡುತ್ತದೆ. ಇದನ್ನು ಅಂಕಿ ಹಾಕಿ ನೋಡಿದರೆ ಸಾಲದು, ಅಕ್ಷರದಲ್ಲೇ ಬಿಡಿಸಲು ಟ್ಯೂಟರ್ ಕೇಳಬೇಕು. ಅಷ್ಟಾದರೂ ಪ್ರೋಗ್ರಾಂ ಸರಿಯೇ ಅಂತ ಸಾಬೀತು ಮಾಡಿ ನೋಡುವ ಡ್ಯಾಫ್ನಿ ಅನ್ನುವ ಸಾಧನಕ್ಕೆ ಕೊಟ್ಟರೆ ಕೊನೆಯ ಫಲಿತಾಂಶ ಸಾಬೀತಾಗಲಿಲ್ಲ ಅನ್ನುತ್ತೆ. ಯಾಕೆ ಅಂತ ಬಿಡಿಸಿ ಹೇಳಲ್ಲ. ನಾನೂ ಇಲ್ಲೇ ಅರ್ಧ ದಿನ ಒದ್ದಾಡಿದ್ದೆ.

ಲೂಪ್ ನಿಂತಾಗ ಗೊತ್ತಿರುವುದು ಐ ≥ ಎನ್ ಅಂತ ಮಾತ್ರ. ಟ್ಯೂಟರ್ ಹೀಗೆ ಕೆಣಕಬೇಕು: "ಎನ್ 7, ಐ 10, ಎಸ್ 55. ನಿಮ್ಮ ಮಾತು ನಿಜ, ಲೂಪೂ ನಿಂತಿದೆ. ಬೇಕಿದ್ದದ್ದು 28 ಅಲ್ವಾ?" ಐ ಹಾಗೆ ಎನ್ ದಾಟಿ ಹೋಗೋದೇ ಇಲ್ಲ ಅಂತ ವಿದ್ಯಾರ್ಥಿ ಜಗಳಕ್ಕೆ ಬರುತ್ತಾರೆ. ಸರಿ, ಹಾಗಾದರೆ ಅದನ್ನೇ ಬರೆಯಿರಿ: ಐ ≤ ಎನ್. ಎರಡೂ ಸೇರಿದರೆ ಲೂಪ್ ನಿಂತಾಗ ಐ = ಎನ್.